ಭತ್ತ ಬೇಡ, ರೂಪಾಯಿ ಎಣಿಸಿ

ಮಂಗಳೂರಿನ ಬಾವುಟಗುಡ್ಡೆಯ ಕಥೆ ಬಂದಾಗೆಲ್ಲ ಮಾತು ಬಾವುಟದಲ್ಲೇ ನಿಂತುಬಿಡುತ್ತದೆ. 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯ ರೈತರು ದಂಗೆಯೆದ್ದು ಬಂದು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿದರು, 13 ದಿನ ಊರು ಅವರ ಕೈಯಲ್ಲಿತ್ತು, ಅವರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲೇ ಇದೆ. ಎಲ್ಲ ಸರಿ. ಅಷ್ಟು ದೂರದಿಂದ ಅವರು ಯಾಕೆ ಬಂದರು ಅಂತ ಕೇಳಿ ನೋಡಿ, "ದೇಶಪ್ರೇಮ" ಅಂದು ಮುಗಿಸುತ್ತಾರೆ. ನನಗೆ ಕಾಣುವುದು ಕಂದಾಯದ ಲೆಕ್ಕ.

ಕೊಡಗಿನ ರಾಜರ ಕಾಲದಲ್ಲಿ ಅಮರಸುಳ್ಯದ, ಅಂದರೆ ಈ ಸುಳ್ಯ ಸೀಮೆಯ, ರೈತ ಕಂದಾಯವನ್ನು ಬೆಳೆಯಲ್ಲೇ ಅಳೆದು ಕೊಡುತ್ತಿದ್ದ. 1834ರಲ್ಲಿ ಕಂಪನಿ ಚಿಕ್ಕವೀರರಾಜನನ್ನು ಪಟ್ಟದಿಂದ ಇಳಿಸಿತು, ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಂದ ಶುರು. ಕಂದಾಯ ನಗದಿನಲ್ಲೇ ಆಗಬೇಕು.

ಕೇಳೋಕೆ ಸಣ್ಣ ಬದಲಾವಣೆ, ಅಲ್ವಾ? ಮನೆಯಲ್ಲಿ ನಾಲ್ಕು ಮುಡಿ (ಹುಲ್ಲಲ್ಲಿ ಕಟ್ಟಿದ ಮೂಟೆ) ಅಕ್ಕಿ ಇದೆ, ಕೈಯಲ್ಲಿ ಕಾಸಿಲ್ಲ ಅಂದುಕೊಳ್ಳಿ. ಕಿಸ್ತಿನ, ಅಂದರೆ ಕಂದಾಯದ ಕಂತಿನ, ದಿನ ಹತ್ತಿರ ಬಂತು. ಊರಿಗೆ ಊರೇ ಮಾರಲು ಹೊರಟಿದೆ, ದರ ಬೀಳದೆ ಇನ್ನೇನಾಗುತ್ತದೆ? ಇವನು ಇವತ್ತು ಮಾರಲೇಬೇಕು ಅನ್ನೋದು ಸಾಹುಕಾರನಿಗೂ ಗೊತ್ತು. ಕಂದಾಯ ಒಂದು ಕಾಸೂ ಏರದಿದ್ದರೂ ಮನೆಯಿಂದ ಹೊರಗೆ ಹೋಗುವ ಅಕ್ಕಿ ಮಾತ್ರ ಜಾಸ್ತಿ. ಸಾಲದ್ದಕ್ಕೆ ಉಪ್ಪು, ಹೊಗೆಸೊಪ್ಪು ಎರಡೂ ಕಂಪನಿಯ ಹಿಡಿತದಲ್ಲಿ. ಎಲೆಅಡಿಕೆ ಹಾಕುವ ಊರಲ್ಲಿ ಹೊಗೆಸೊಪ್ಪಿಗೆ ಕೈ ಹಾಕಿದರೆ ಏನಾಗುತ್ತದೆ ಅಂತ ನಮ್ಮಜ್ಜಿಯನ್ನು ಕೇಳಬೇಕಿತ್ತು!

ನಗದೇ ಯಾಕೆ ಬೇಕಿತ್ತು ಅಂದರೆ, ಸಿಪಾಯಿಗೆ ಭತ್ತ ಅಳೆದು ಸಂಬಳ ಕೊಡೋಕಾಗಲ್ಲ. ಲಂಡನ್ನಿನ ಷೇರುದಾರನಿಗಂತೂ ಆಗಲ್ಲ. 1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಸಿಕ್ಕಿದ ಮೇಲೆ ಅಲ್ಲಿನ ಕಂದಾಯದಲ್ಲೇ ಅಲ್ಲಿನ ಬಟ್ಟೆ ಕೊಂಡು ಹಡಗು ತುಂಬಿಸಿದ ಕಂಪನಿ ಇದು. ಕೈಯಿಂದ ದುಡ್ಡು ಹಾಕದೆ ವ್ಯಾಪಾರ! ಜಿಲ್ಲೆಯ ದೊಡ್ಡ ಅಧಿಕಾರಿಗೆ ಇಟ್ಟ ಹೆಸರೂ ಕಲೆಕ್ಟರ್, ಅಂದರೆ ವಸೂಲಿ ಮಾಡುವವನು. ಮುಚ್ಚುಮರೆಯೇ ಇರಲಿಲ್ಲ.

ಹಾಗಂತ ರಾಜರೇನು ಧರ್ಮರಾಯರಲ್ಲ. ಚಿಕ್ಕವೀರರಾಜನ ಕ್ರೌರ್ಯದ ಕಥೆಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ಆದರೆ ಅವನ ಗುಮಾಸ್ತನಿಗೆ ಭತ್ತ ಕೊಟ್ಟು ಮನೆಗೆ ಬರಬಹುದಿತ್ತು.

ಇನ್ನೊಂದು ವಿಷಯ. ಬಾವುಟಕ್ಕೆ ಕೈ ಹಾಕುವ ಮೊದಲು ದಂಗೆಯವರು ವಶ ಮಾಡಿಕೊಂಡದ್ದು ಸುಳ್ಯದ ಹತ್ತಿರದ ಬೆಳ್ಳಾರೆಯಲ್ಲಿದ್ದ ಕಂಪನಿ ಖಜಾನೆಯನ್ನು. ತಮ್ಮ ಭತ್ತ ರೂಪಾಯಿಯಾಗಿ ಎಲ್ಲಿ ಹೋಗಿ ಕೂತಿದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಮೇಲೆ ಹೊರಗಿನಿಂದ ಪಡೆ ಬಂತು, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಬೆಳ್ಳಾರೆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಖಜಾನೆ ಇದ್ದ ಜಾಗದ ಒಂದು ಫೋಟೊ ಕಮೆಂಟಲ್ಲಿ ಹಾಕಿ ಮಾರಾಯ್ರೇ.