ನಮ್ಮ ಬೀದಿಗೆ ಹಗಲು ದೀವಟಿಗೆ

ಹಿಂದೆ ರಾಜರು ತಮಗೆ ಬೇಕಾದವರಿಗೆ ಹಗಲು ದೀವಟಿಗೆಯ ಮರ್ಯಾದೆ ಕೊಡುತ್ತಿದ್ದರು. ನೆತ್ತಿಯ ಮೇಲೆ ಸೂರ್ಯನಿದ್ದರೂ ಪಲ್ಲಕ್ಕಿಯ ಮುಂದೆ ಪಂಜು. ಬೆಳಕಿಗಲ್ಲ, ಗೌರವಕ್ಕೆ. ಮೈಸೂರಿನ ಕುವೆಂಪುನಗರದ ನಮ್ಮ ಅಡ್ಡರಸ್ತೆಗೆ ಈ ಮರ್ಯಾದೆ ದಕ್ಕಿ ನಾಲ್ಕು ತಿಂಗಳಾಯಿತು. ಹನ್ನೊಂದು ಕಂಬ, ಹನ್ನೊಂದು ದೀಪ, ಬೆಳಗಿನಿಂದ ಬೈಗಿನವರೆಗೆ ಬಿಡದೆ ಉರಿಯುತ್ತವೆ. ಸೊಪ್ಪಿನ ಚೀಲ ಹಿಡಿದು ಅವುಗಳ ಕೆಳಗೆ ನಡೆದು ಬರುವಾಗ ಬಿರುದಾವಳಿ ಕೂಗುವವನೊಬ್ಬನ ಕೊರತೆ ಬಿಟ್ಟರೆ ನನಗೆ ಬೇರೇನೂ ಕಡಿಮೆಯಿಲ್ಲ.

ಮೊದಲ ವಾರ ಸಂತೋಷವಾಗಿಯೇ ಇದ್ದೆ. ಎರಡನೆಯ ವಾರ ಲೆಕ್ಕ ಹಾಕಿದೆ. ಲೆಕ್ಕ ಹಾಕಿದವನಿಗೆ ಸುಖವಿಲ್ಲ. ದೀಪವೊಂದಕ್ಕೆ 70 ವ್ಯಾಟ್ ಎಂದರೆ ಹನ್ನೆರಡು ಗಂಟೆಯ ಹಗಲಿಗೆ ಹನ್ನೊಂದು ದೀಪ ಸೇರಿ ಒಂಬತ್ತು ಯೂನಿಟ್ ದಾಟುತ್ತದೆ, ತಿಂಗಳಿಗೆ 277. ನಮ್ಮ ಬೀದಿ ಒಂದು ಮನೆಯಾಗಿದ್ದರೆ ಗೃಹಜ್ಯೋತಿಯ 200 ಯೂನಿಟ್ ಮೀರಿದ್ದಕ್ಕೆ ಪೂರ್ತಿ ಬಿಲ್ ತೆರಬೇಕಾಗಿತ್ತು. ಪುಣ್ಯಕ್ಕೆ ಬೀದಿ.

ದೂರು ಕೊಟ್ಟೆ. ಫೋನೆತ್ತಿದವರು ಬಹಳ ವಿನಯವಂತರು. ‘ಸಂಬಂಧಪಟ್ಟವರ ಗಮನಕ್ಕೆ ತರುತ್ತೇವೆ’ ಎಂದರು. ಈ ಸಂಬಂಧಪಟ್ಟವರನ್ನು ಕಂಡವರು ಯಾರಾದರೂ ಇದ್ದಾರೆಯೇ? ಕನ್ನಡದ ಪ್ರತಿಯೊಂದು ಅರ್ಜಿಯ ಕೊನೆಯಲ್ಲಿ ಅವರಿರುತ್ತಾರೆ, ಪ್ರತಿಯೊಂದು ಕಚೇರಿಯಿಂದ ಈಗ ತಾನೇ ಎದ್ದು ಹೋಗಿರುತ್ತಾರೆ. ಅವರ ಗಮನ ಎಷ್ಟು ದೊಡ್ಡದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಡೀ ನಾಡಿನ ಚರಂಡಿ, ಗುಂಡಿ, ನಲ್ಲಿ, ನಾಯಿ ಎಲ್ಲವೂ ಅದರೊಳಗೆ ಹೋಗಿ ಬಿದ್ದಿವೆ, ಇನ್ನೂ ತುಂಬಿಲ್ಲ.

ಮೂರನೆಯ ಫೋನಿಗೆ ಒಬ್ಬ ಹುಡುಗ ಏಣಿಯಿಲ್ಲದೆ ಬಂದ. ಕೊನೆಯ ಕಂಬಕ್ಕೆ ಕಟ್ಟಿದ ಪೆಟ್ಟಿಗೆಯನ್ನು ತೋರಿಸಿದ. ಬಾಗಿಲಿಗೆ ಬೀಗದ ಬದಲು ಹುರಿಹಗ್ಗ. ಒಳಗೆ ಒಂದು ಹಲ್ಲಿ, ಕಪ್ಪು ಟೇಪು ಸುತ್ತಿದ ಎರಡು ತಂತಿ. ಕತ್ತಲಾದರೆ ದೀಪ ಹಚ್ಚಿ, ಬೆಳಗಾದರೆ ಆರಿಸುವ ಒಂದು ಪುಟ್ಟ ಕಣ್ಣು ಪೆಟ್ಟಿಗೆಯ ನೆತ್ತಿಯಲ್ಲಿರುತ್ತದೆ. ಅದರ ಮೇಲೆ ಪಾರಿವಾಳವೊಂದು ತನ್ನ ಕೆಲಸ ಮುಗಿಸಿ ಹೋಗಿತ್ತು. ಪಾಪ, ಆ ಕಣ್ಣಿಗೆ ನಾಲ್ಕು ತಿಂಗಳಿಂದ ಒಂದೇ ಸಮನೆ ಅಮಾವಾಸ್ಯೆ. ಒರೆಸಿದರೆ ಸಾಲದೇ ಎಂದು ಕೇಳಿದೆ. ‘ಸರ್, ಒರೆಸುವುದು ನಮ್ಮ ಗುತ್ತಿಗೆಯಲ್ಲಿ ಬರುವುದಿಲ್ಲ’ ಎಂದ. ಗುತ್ತಿಗೆಯ ಪ್ರಕಾರ ಅವನು ಕೆಟ್ಟ ದೀಪವನ್ನು ಉರಿಯುವಂತೆ ಮಾಡಬೇಕು. ಉರಿಯುವ ದೀಪದ ವಿಷಯದಲ್ಲಿ ಅವನಿಗೆ ಅಧಿಕಾರವಿಲ್ಲ.

ಇಷ್ಟರಲ್ಲಿ ಡಿಸೆಂಬರ್ 14 ಬಂತು, ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಊರಿನ ಒಂದು ಸಭಾಂಗಣದಲ್ಲಿ ವಿಚಾರ ಸಂಕಿರಣವಿತ್ತು, ನನಗೂ ಕರೆಯೋಲೆ ಬಂದಿತ್ತು. ಮೈಸೂರಿನ ಡಿಸೆಂಬರ್ ಬೆಳಗು ಹೇಗಿರುತ್ತದೆಂದು ನಿಮಗೆ ಗೊತ್ತು. ವಾಕಿಂಗ್ ಹೋಗುವವರು ಮಂಕಿ ಟೋಪಿ ಹಾಕಿಕೊಳ್ಳುವ ಕಾಲ. ಒಳಗೆ ಎಸಿ 18ರಲ್ಲಿ ಓಡುತ್ತಿತ್ತು. ಎಸಿಯ ಗಾಳಿಗೆ ಉದ್ಘಾಟನೆಯ ದೀಪ ಹತ್ತಲಿಲ್ಲ. ಗಣ್ಯರು ಐದು ಬತ್ತಿಗೆ ಅರ್ಧ ಬೆಂಕಿಪೊಟ್ಟಣ ಮುಗಿಸಿದರು. ಕೊನೆಗೆ ಯಾರೋ ಕರ್ಪೂರ ಇಟ್ಟರು, ಇಬ್ಬರು ಕೈ ಅಡ್ಡ ಹಿಡಿದರು, ಇಂಧನ ಸಂರಕ್ಷಣೆ ಉದ್ಘಾಟನೆಯಾಯಿತು. ಪರದೆಯ ಮೇಲಿನ ಚಿತ್ರ ಕಾಣಲೆಂದು ಕಿಟಕಿಗಳನ್ನು ಮುಚ್ಚಿದರು, ಕಿಟಕಿ ಮುಚ್ಚಿದ್ದರಿಂದ ಕತ್ತಲಾಯಿತೆಂದು ದೀಪ ಹಾಕಿದರು, ದೀಪ ಹಾಕಿದ್ದರಿಂದ ಚಿತ್ರ ಕಾಣಲಿಲ್ಲ.

ಭಾಷಣ ಚೆನ್ನಾಗಿತ್ತು, ವ್ಯಂಗ್ಯವಲ್ಲ. ಎಸಿಯನ್ನು ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದರು. ಸ್ಟಾರ್ ಗುರುತಿನ ಹೊಸ ಎಸಿಗಳು 2020ರಿಂದ ತಾವಾಗಿಯೇ 24ಕ್ಕೆ ಹೊಂದಿಕೊಂಡು ಬರುತ್ತವೆ ಎಂದರು. ಹಳೆಯ ಫ್ಯಾನ್ 75 ವ್ಯಾಟ್ ತಿನ್ನುವ ಕಡೆ ಹೊಸ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು ಎಂದರು. ಎಲ್ಲ ನಿಜ. ಅದನ್ನು ನಂಬಿ ನಾನೂ ಎರಡು ಫ್ಯಾನ್ ಬದಲಿಸಿದ್ದೇನೆ. ಆಮೇಲೆ ಭಾಷಣಕಾರರಿಗೆ ಶಾಲು ಹೊದಿಸಿದರು. ನಾನು ಕಂಡ ಸನ್ಮಾನಗಳಲ್ಲಿ ಸನ್ಮಾನಿತರು ಶಾಲನ್ನು ತೆಗೆದಿಡದೆ ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದುಕೊಂಡದ್ದು ಇದೇ ಮೊದಲು.

ನಮ್ಮಮ್ಮನಿಗೆ ಮಾತ್ರ ಯಾರೂ ಶಾಲು ಹೊದಿಸಲಿಲ್ಲ. ಫ್ಯಾನ್ ಆರಿಸದೆ ಕೋಣೆಯಿಂದ ಎದ್ದು ಬಂದವರಿಗೆ ಅನ್ನ ಬಡಿಸದ ಹೆಂಗಸು ಅವಳು. ತಿಂಗಳಿಗೆ 55 ಯೂನಿಟ್‌ನಲ್ಲಿ ಸಂಸಾರ ನಡೆಸಿದ್ದಳು. 2023ರಲ್ಲಿ ಗೃಹಜ್ಯೋತಿ ಬಂದಾಗ ಲೆಕ್ಕ ಹೇಗಿತ್ತು ನೆನಪಿಸಿಕೊಳ್ಳಿ: ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ 10. ಅಮ್ಮನಿಗೆ ಉಚಿತವಾಗಿ ಸಿಕ್ಕಿದ್ದು 60. ಬೆಳಗಿನ ಐದಕ್ಕೆ ಗೀಸರ್ ಹಾಕಿ ಒಂಬತ್ತಕ್ಕೆ ನೆನಪಿಸಿಕೊಳ್ಳುತ್ತಿದ್ದ ಎದುರು ಮನೆಯವರ ಸರಾಸರಿ 170, ಅವರಿಗೆ 187. ‘ಮೊದಲೇ ಹೇಳಿದ್ದರೆ ನಾನೂ ಒಂದು ವರ್ಷ ಕಷ್ಟಪಟ್ಟು ಪೋಲು ಮಾಡುತ್ತಿದ್ದೆ’ ಎಂದಳು ಅಮ್ಮ.

ಕರೆಂಟಿನ ಮಾತು ಬಂದರೆ ಎಲ್ಲರೂ ಅರಮನೆಯ ಕಡೆ ಬೆರಳು ತೋರಿಸುತ್ತಾರೆ: ಲಕ್ಷ ಬಲ್ಬು, ಎಂಥ ದುಂದು! ನಾನು ಅರಮನೆಯ ಪಕ್ಷ. ಭಾನುವಾರ ಸಂಜೆ ಲಕ್ಷ ದೀಪ ಒಟ್ಟಿಗೆ ಹತ್ತುತ್ತವೆ, ಜನ ಬಾಯಿ ತೆರೆಯುತ್ತಾರೆ, ಗಂಟೆಯೊಳಗೆ ಒಟ್ಟಿಗೆ ಆರುತ್ತವೆ. ಆರಿಸುವ ಸ್ವಿಚ್ಚು ಎಲ್ಲಿದೆಯೆಂದು ಅಲ್ಲಿ ಒಬ್ಬನಿಗಾದರೂ ಗೊತ್ತಿದೆ. ಲಕ್ಷ ಆರಿಸಬಲ್ಲ ಊರಿಗೆ ಹನ್ನೊಂದು ಆರಿಸಲು ಆಗುವುದಿಲ್ಲ.

ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಆಮೇಲೆ 1905ರಲ್ಲಿ ಬೆಂಗಳೂರಿನ ಬೀದಿಗೆ. ಕಾವೇರಿ ಮಂಡ್ಯದಲ್ಲಿ ಧುಮುಕುತ್ತಾಳೆ, ಬೆಳಕು ಬೇರೆ ಕಡೆ ಬೀಳುತ್ತದೆ. ಮದ್ದೂರಿನ ಕಡೆಯ ನನ್ನ ಸೋದರಮಾವನ ಪಂಪ್‌ಸೆಟ್ಟಿಗೆ ಪಾಳಿಯ ಪ್ರಕಾರ ಮೂರು ಫೇಸ್ ಬರುವುದು ರಾತ್ರಿ ಒಂದೂವರೆಗೆ. ಅರುವತ್ತೆಂಟರ ಮುದುಕ ಕೈಯಲ್ಲಿ ಟಾರ್ಚ್ ಹಿಡಿದು ಕಬ್ಬಿನ ಗದ್ದೆಗೆ ಹೋಗುತ್ತಾನೆ. ಕಬ್ಬಿನೊಳಗೆ ಚಿರತೆ ಮರಿ ಹಾಕುವ ಸೀಮೆ ಅದು. ಹೋಗಲಾರದ ದಿನ ಆಟೋಸ್ಟಾರ್ಟರ್ ಹಾಕಿ ಮಲಗುತ್ತಾನೆ, ಮೋಟಾರು ಬೆಳಗಿನವರೆಗೆ ಓಡುತ್ತದೆ, ನೀರು ಬದು ಒಡೆದು ಹಳ್ಳಕ್ಕೆ ಹೋಗುತ್ತದೆ. ಆಗ ನಮ್ಮ ಸಂಕಿರಣದವರು ಪರದೆಯ ಮೇಲೆ ಒಂದು ಚಿತ್ರ ತೋರಿಸಿ, ಉಚಿತ ಕರೆಂಟಿನಿಂದ ರೈತ ಹಾಳಾದ ಎನ್ನುತ್ತಾರೆ. ಅವನು ಕೇಳಿದ್ದು ಹಗಲು ಹೊತ್ತಿನ ನಾಲ್ಕು ಗಂಟೆ. ಆ ಹಗಲಿನ ಕರೆಂಟು ನಮ್ಮ ಬೀದಿಯಲ್ಲಿ ಸೂರ್ಯನಿಗೆ ದಾರಿ ತೋರಿಸುತ್ತಿದೆ. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೆ ಸುಸ್ತಾಗಿದೆ.

ಪಕ್ಕದ ಮನೆಯ ಅಜ್ಜಿ ಸಂಜೆ ದೀಪ ಹತ್ತಿದೊಡನೆ ಕೈಮುಗಿಯುವ ಕಾಲದವರು. ಮನೆಯ ಬಲ್ಬಾದರೂ ಸರಿ, ಬೀದಿಯ ಕಂಬವಾದರೂ ಸರಿ. ನಿನ್ನೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಹೂವಿನವಳ ಹತ್ತಿರ ಚೌಕಾಸಿ ಮುಗಿಸಿ, ತಲೆಯೆತ್ತಿ ಕಂಬ ನೋಡಿ ಕೈಮುಗಿದರು. ಈ ಹೊತ್ತಿನಲ್ಲೇ ಎಂದೆ.

‘ಸಂಜೆ ಯಾವಾಗ ಹಚ್ಚುತ್ತಾರೆಂದು ಕಾಯುತ್ತಿದ್ದೆ, ಗೊತ್ತೇ ಆಗುತ್ತಿಲ್ಲ. ನಾಲ್ಕು ತಿಂಗಳ ಬಾಕಿ ಇದೆ, ಕಂಡಾಗ ತೀರಿಸುತ್ತಿದ್ದೇನೆ’ ಎಂದರು.