ಸರ್ವೋಗೆ ಎಷ್ಟು ವೋಲ್ಟ್: ಒಂದು ಸ್ಪಷ್ಟನೆ

'ಎರಡು ಸೆಲ್ ಲಿಪೋ ಅಂದರೆ 7.4 ವೋಲ್ಟ್. 6 ವೋಲ್ಟಿನ ಸರ್ವೋಗೂ ನೇರವಾಗಿ ಕೊಡಬಹುದು, ಏನೂ ಆಗಲ್ಲ' ಎಂಬ ಮೆಸೇಜ್ ಆರ್‌ಸಿ (ರಿಮೋಟ್‌ನಿಂದ ಹಾರಿಸುವ ಸಣ್ಣ) ಹೆಲಿಕಾಪ್ಟರ್ ಹಾರಿಸುವವರ ನಡುವೆ ಓಡಾಡುತ್ತಿದೆ. ಇದು ತಪ್ಪು. (ಲಿಪೋ ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ; ಸರ್ವೋ ಅಂದರೆ ರಿಮೋಟ್ ಹೇಳಿದಂತೆ ಹೆಲಿಕಾಪ್ಟರಿನ ಭಾಗಗಳನ್ನು ಆಡಿಸುವ ಸಣ್ಣ ಸಾಧನ.)

7.4 ಎನ್ನುವುದು ಬ್ಯಾಟರಿ ಮೇಲೆ ಬರೆಯುವ ಸರಾಸರಿ ಲೆಕ್ಕ ಅಷ್ಟೇ. ಫುಲ್ ಚಾರ್ಜ್ ಆದಾಗ ಒಂದೊಂದು ಸೆಲ್ 4.2, ಎರಡೂ ಸೇರಿ 8.4 ವೋಲ್ಟ್. ಚಾರ್ಜರ್‌ನಿಂದ ಈಗಷ್ಟೇ ತೆಗೆದ ಬ್ಯಾಟರಿಗೆ ಮಲ್ಟಿಮೀಟರ್ ಇಟ್ಟು ನೋಡಿ, ಗೊತ್ತಾಗುತ್ತದೆ. 6 ವೋಲ್ಟಿನ ಸರ್ವೋಗೆ ಇದು ತುಂಬಾ ಜಾಸ್ತಿ. ಒಳಗಿನ ಮೋಟಾರು, ಬೋರ್ಡು ಸುಟ್ಟುಹೋಗಬಹುದು. ಸುಮ್ನೆ ಟೇಬಲ್ ಮೇಲೆ ಇಟ್ಟಾಗ ಸರಿಯಾಗಿಯೇ ಆಡಿ, ಹಾರುವಾಗ ಲೋಡ್ ಬಿದ್ದರೆ ಕೈಕೊಡಬಹುದು. ಸ್ವಾಶ್‌ಪ್ಲೇಟಿನ (ಮೇಲಿನ ಬ್ಲೇಡುಗಳ ಓರೆ ಬದಲಿಸುವ ತಟ್ಟೆ) ಒಂದೇ ಸರ್ವೋ ನಿಂತರೂ ಹೆಲಿಕಾಪ್ಟರ್ ಹಿಡಿತಕ್ಕೆ ಸಿಗುವುದಿಲ್ಲ. ಬ್ಲೇಡು ತಿರುಗುತ್ತಲೇ ಬೀಳುತ್ತದೆ. ಹತ್ತಿರದಲ್ಲಿ ಜನ ಇರುತ್ತಾರೆ ಅಲ್ವಾ?

ನೇರವಾಗಿ ಕೊಡಬೇಕೆಂದರೆ ಸರ್ವೋ 8.4 ವೋಲ್ಟ್ ತಡೆಯುತ್ತದೆ ಎಂದು ಅದರ ಮ್ಯಾನುಯಲ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಬಿಇಸಿಯನ್ನು (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟ್) ಮ್ಯಾನುಯಲ್ ಹೇಳಿದಷ್ಟಕ್ಕೆ ಇಡಿ. ಸಾಮಾನ್ಯವಾಗಿ ರಿಸೀವರ್‌ಗೆ (ರಿಮೋಟಿನ ಸಿಗ್ನಲ್ ಹಿಡಿಯುವ ಭಾಗ) ಕೊಟ್ಟ ವೋಲ್ಟೇಜೇ ಎಲ್ಲ ಸರ್ವೋಗಳಿಗೂ ಹೋಗುತ್ತದೆ. ಹಳೆಯ ಕೆಲವು ಟೇಲ್ ಸರ್ವೋಗಳಂತೂ (ಬಾಲದ ಬ್ಲೇಡುಗಳಿಗೆ ಇರುವವು) 4.8 ವೋಲ್ಟಿಗಷ್ಟೇ ಮಾಡಿದವು. ಅವಕ್ಕೆ ವೋಲ್ಟೇಜ್ ಇಳಿಸುವ ಬೇರೆ ಸ್ಟೆಪ್‌ಡೌನ್ ರೆಗ್ಯುಲೇಟರ್ ಹಾಕಲೇಬೇಕು.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಮಾಡಿದ್ದರೆ ಅದೇ ಗುಂಪಿಗೆ ಇದನ್ನೂ ಕಳಿಸಿ.