ಬಾಣ ಯಾವ ಕಡೆಗೆ?

ನಾಲ್ಕನೇ ಕ್ಲಾಸಿನ ಮಗಳು ಆಹಾರ ಸರಪಳಿಯ ಬಾಣಗಳನ್ನೆಲ್ಲ ಉಲ್ಟಾ ಹಾಕಿಕೊಂಡು ಬಂದಿದ್ದಳು. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಸಾಲಾಗಿ ಸರಿಯಾಗೇ ಕೂತಿದ್ದವು. ಬಾಣಗಳು ಮಾತ್ರ ಹದ್ದಿನಿಂದ ಹೊರಟು ಹುಲ್ಲಿಗೆ ಬಂದು ಮುಟ್ಟಿದ್ದವು. ತಪ್ಪು ಅಂದರೆ ಒಪ್ಪಲು ತಯಾರಿಲ್ಲ. "ಹದ್ದು ತಾನೇ ಹಾವಿನ ಮೇಲೆ ಎರಗೋದು? ಆಟದಲ್ಲಿ ರಾಮ ಬಿಟ್ಟ ಬಾಣ ರಾವಣನ ಕಡೆ ತಾನೇ ಹೋಗೋದು?" ಯಕ್ಷಗಾನ ನೋಡಿ ಬೆಳೆದ ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವುದರಲ್ಲಿ ಇದೊಂದು ತೊಡಕು.

ಬಾಣ ತೋರಿಸುವುದು ಶಕ್ತಿ ಹರಿಯುವ ದಿಕ್ಕನ್ನು, ಬೇಟೆಯ ದಿಕ್ಕನ್ನಲ್ಲ ಅಂತ ನಾನು ಸೂರ್ಯನಿಂದಲೇ ಶುರು ಮಾಡಿದೆ. ಕಾಲು ಗಂಟೆ ಆಗಿರಬೇಕು. ಹಲಸಿನ ಬೀಜ ಸುಲಿಯುತ್ತ ಕೂತಿದ್ದ ಅಮ್ಮ ತಲೆ ಎತ್ತದೆ, "ತುತ್ತು ಯಾರ ಬಾಯಿಗೆ ಹೋಗತ್ತೋ ಆ ಕಡೆ ಹಾಕೇ ಮಾರಾಯ್ತಿ" ಅಂದಳು. ಅಲ್ಲಿಗೆ ಮುಗಿಯಿತು. ರಬ್ಬರ್ ಹೊರಗೆ ಬಂತು.

ಬಿಡಲು ನನಗೆ ಮನಸ್ಸಿಲ್ಲ. ತಿಂದದ್ದರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಮೈಯಲ್ಲಿ ಉಳಿದು ಮುಂದಿನವರಿಗೆ ಸಿಗುತ್ತದೆ, ಮಿಕ್ಕಿದ್ದೆಲ್ಲ ಓಡಾಟಕ್ಕೆ, ಉಸಿರಾಟಕ್ಕೆ ಖರ್ಚು. ಅದಕ್ಕೇ ಗದ್ದೆ ತುಂಬ ಮಿಡತೆ, ಆಕಾಶದಲ್ಲಿ ಒಂದೇ ಹದ್ದು ಎಂದೆ. ಹತ್ತು ದೋಸೆಯಲ್ಲಿ ಒಂದು ದೋಸೆ ಉಳಿದ ಹಾಗೆ. "ನಂಗಾದ್ರೆ ಹತ್ತೂ ಉಳಿಯತ್ತಪ್ಪ" ಎಂದು ಅಮ್ಮ ಮೊಣಕಾಲು ನೀವಿಕೊಂಡಳು.

ಮರುದಿನ ಭಾನುವಾರ. ಮಗಳು ಪೆನ್ಸಿಲು, ಪುಸ್ತಕ, ಸ್ಕೇಲು ಹಿಡಿದು ಅಂಗಳಕ್ಕಿಳಿದಳು. ಮಾವಿನ ಮರದ ಕೆಳಗಿನ ಟೊಂಗೆಯಲ್ಲಿ ಚಗಳಿ ಇರುವೆ ಗೂಡು ಕಟ್ಟುತ್ತಿತ್ತು. ಒಂದಷ್ಟು ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಎಳೆದು ಹಿಡಿದಿದ್ದವು. ಇನ್ನೊಂದಷ್ಟು ಬಾಯಲ್ಲಿ ಬಿಳಿ ಮರಿಹುಳ ಕಚ್ಚಿಕೊಂಡು, ಅದರ ಮೂತಿಯನ್ನು ಒಮ್ಮೆ ಈ ಎಲೆಗೆ, ಒಮ್ಮೆ ಆ ಎಲೆಗೆ ಮುಟ್ಟಿಸುತ್ತಿದ್ದವು. ರೇಷ್ಮೆಯಂಥ ನೂಲು ಬರುವುದು ಆ ಮರಿಯ ಬಾಯಿಂದ; ದೊಡ್ಡವಕ್ಕೆ ಆ ವಿದ್ಯೆ ಇಲ್ಲ. "ಅಂದ್ರೆ ಕೆಲಸ ಎಲ್ಲ ಮಕ್ಳ ಕೈಲೇ ಮಾಡಿಸ್ತಾವೆ!" ಎಂದು ನನ್ನನ್ನು ಒಂಥರಾ ನೋಡಿದಳು. ಹಿಂದಿನ ದಿನ ಅಡಿಕೆ ಹಾಳೆ ಹೆಕ್ಕಿಸಿದ್ದೆ.

ಅದೇ ಟೊಂಗೆಯಲ್ಲಿ ಹಿಟ್ಟು ತಿಗಣೆಗಳಿದ್ದವು. ಚಗಳಿ ಅವನ್ನು ಕೊಲ್ಲದೆ ಕಾಯುತ್ತಿತ್ತು, ಅವು ಒಸರುವ ಸಿಹಿ ರಸಕ್ಕೋಸ್ಕರ. ಕೊಟ್ಟಿಗೆಯ ದನದ ಹಾಗೆ ಎಂದೆ. ಬಾಣ ತಿಗಣೆಯಿಂದ ಚಗಳಿಗೆ. ಚಗಳಿ ಹಿಡಿಯುವ ಕಂಬಳಿಹುಳದಿಂದ ಇನ್ನೊಂದು. ಚಗಳಿಯಿಂದ ಯಾರಿಗೆ? ಚಗಳಿ ಚಟ್ನಿಯ ನೆನಪಾಗಿ ನನ್ನ ಬಾಯಲ್ಲಿ ನೀರೂರಿತು. ಮಗಳು ಮುಖ ಕಿವುಚಿಕೊಂಡೇ 'ಅಪ್ಪ' ಅಂತ ಬರೆದು ಬಾಣ ಹಾಕಿದಳು. ಸರಪಳಿ ಆಗಲೇ ಹಗ್ಗದ ಗಂಟಾಗಿತ್ತು.

"ಹದ್ದು ಸತ್ತ ಮೇಲೆ?" ಅದರ ಉತ್ತರ ಗೊಬ್ಬರಗುಂಡಿಯಲ್ಲಿತ್ತು. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು ದನದ ಕಾಲಡಿ ಹಾಸಾಗಿ, ಸಗಣಿ ಜೊತೆ ಗುಂಡಿಗೆ ಬಿದ್ದು, ಕಡೆಗೆ ಅಡಿಕೆ ಬುಡಕ್ಕೆ ಹೋಗುತ್ತದೆ. ಕೋಲಿನಿಂದ ಒಂದು ಪದರ ಎತ್ತಿದೆ. ಬಿಸಿ ಹಬೆ, ಎಲೆಗಳ ನಡುವೆ ಬೂಸ್ಟಿನ ಬಿಳಿ ಎಳೆಗಳು, ಅಂಚಿನಲ್ಲಿ ಚಕ್ಕುಲಿಯಂತೆ ಸುತ್ತಿಕೊಂಡ ಚೋರಟೆ, ಎರೆಹುಳ. ಮಗಳು ಎಲ್ಲ ಪ್ರಾಣಿಗಳಿಂದಲೂ ಗುಂಡಿಗೆ ಬಾಣ ಎಳೆದಳು. ಹಾಳೆ ಸಾಲದೆ ಪುಟ ತಿರುಗಿಸಬೇಕಾಯಿತು.

ಒಂದು ಬಾಣದ ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡಲಿಲ್ಲ. ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದದ್ದು ಮಂಗನ ಕಾಯಿಲೆ. ಹೆಸರು ಮಂಗನದ್ದು, ಹೊತ್ತು ತರುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಮಂಗ ಸತ್ತರೆ ಉಣುಗು ಅಲ್ಲೇ ಉದುರಿ ಮುಂದಿನ ರಕ್ತಕ್ಕೆ ಕಾಯುತ್ತದೆ. ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋದವರ ಕಾಲು ಸಿಕ್ಕರೆ ಅದೂ ಆದೀತು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಓಡಿಬಂದು ಹೇಳಬೇಕು ಎಂದು ಎರಡು ಸಲ ಹೇಳಿಸಿದೆ.

"ಹಾಗಾದ್ರೆ ಮನುಷ್ಯರಿಂದ್ಲೂ ಬಾಣ ಹೊರಡತ್ತೆ" ಎಂದಳು. ಪುಸ್ತಕದಲ್ಲಿ ಅದಿರಲಿಲ್ಲ, ಅಲ್ಲಿ ಮನುಷ್ಯ ಗಿಡ ನೆಡುತ್ತ ಒಂದು ಮೂಲೆಯಲ್ಲಿ ನಗುತ್ತಿದ್ದ.

ಜಗಲಿಗೆ ಬಂದು ಕೂತಾಗ ಹಿಮ್ಮಡಿ ಹತ್ತಿರ ತಣ್ಣಗಾಯಿತು. ನೋಡಿದರೆ ಇಂಬಳ, ನಮ್ಮ ಕಡೆಯ ಜಿಗಣೆ, ರಕ್ತ ಕುಡಿದು ಕುಡಿದು ನೇರಳೆಹಣ್ಣಿನಷ್ಟಾಗಿದೆ. "ಉಪ್ಪು ತಾರೇ!" ಎಂದು ಕೂಗಿದೆ. ಒಳಗಿನಿಂದ ಅಮ್ಮ "ಭರಣಿ ಪಕ್ಕ ಉಂಟು ನೋಡು" ಅಂದಳು. ಮಗಳು ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಪುಸ್ತಕದಲ್ಲಿ 'ಅಪ್ಪ' ಎಲ್ಲಿದ್ದಾನೆಂದು ಹುಡುಕಿ, ಸ್ಕೇಲಿಟ್ಟು ನಿಧಾನವಾಗಿ ಗೆರೆ ಎಳೆಯತೊಡಗಿದಳು.

"ಒಂಚೂರು ತಡಿ ಅಪ್ಪಾ, ಅಲ್ಲಾಡ್ಬೇಡ."